ಸರ್ಕಾರದ ಕೆಲಸ ಯಾರ ಕೆಲಸ?



ಪ್ರತಿ ಭಾನುವಾರ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯ ಸಮಯದಲ್ಲಿ ನಾವು ಧರ್ಮಸಭೆಗಾಗಿ ಬೇಡಿಕೊಂಡ ನಂತರ ನಮ್ಮನ್ನು ಆಳುವವರಿಗಾಗಿ ಬೇಡಿಕೊಳ್ಳುತ್ತೇವೆ. ಓದುವವರು ಓದುತ್ತಾರೆ, ಉಳಿದವರು ಒಕ್ಕೊರಲಿನಿಂದ ಉತ್ತರಿಸುತ್ತೇವೆ, ಮುಂದಿನ ಕೋರಿಕೆಗೆ ಹೋಗುತ್ತೇವೆ. ಒಮ್ಮೆ ಧರ್ಮೋಪದೇಶದ ತರಗತಿಯಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಎದ್ದು ನಿಂತು, "ಫಾದರ್, ಆಳುವವರು ಅಂದ್ರೆ ಯಾರು? ಯಾರ ಮುಖ ನೆನೆಸಿಕೊಂಡು ಪ್ರಾರ್ಥನೆ ಮಾಡಬೇಕು?" ಎಂದು ಕೇಳಿದ. ತಕ್ಷಣ ಉತ್ತರ ಹೊಳೆಯಲಿಲ್ಲ. ಪ್ರಧಾನಮಂತ್ರಿ ಎನ್ನಲೇ? ಮುಖ್ಯಮಂತ್ರಿ ಎನ್ನಲೇ? ನಮ್ಮ ಕೇಂದ್ರದ ಒಬ್ಬ ಅಜ್ಜಿಯ ಪಾಲಿಗೆ ವೃದ್ಧಾಪ್ಯ ವೇತನವೇ ಸರ್ಕಾರ. ಹಣ ತಡವಾದರೆ, "ಸ್ವಾಮಿ, ಈ ತಿಂಗಳು ಸರ್ಕಾರ ಇನ್ನೂ ಬಂದಿಲ್ಲ" ಎನ್ನುತ್ತಾರೆ. ಅಂಚೆಯಣ್ಣನ ಕೈಯಲ್ಲಿ ಬರುವ ಸರ್ಕಾರ ಅದು.

ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಕೆತ್ತಿರುವುದನ್ನು ನೀವು ನೋಡಿರಬಹುದು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ, 1956ರಲ್ಲಿ ಪೂರ್ಣಗೊಂಡ ಕಟ್ಟಡ ಅದು. ನಮ್ಮ ಜನ ಈ ಮಾತನ್ನು ಈಗ ಬಹುಮಟ್ಟಿಗೆ ಗೇಲಿಗೆ ಬಳಸುತ್ತಾರೆ. ಕಡತ ಮೂರು ತಿಂಗಳು ಕದಲದಿದ್ದರೆ, "ದೇವರ ಕೆಲಸವಲ್ಲವೇ, ದೇವರೇ ಮಾಡಬೇಕು" ಎನ್ನುತ್ತಾರೆ. ಆದರೆ ವಿಶ್ವಾಸಿಯೊಬ್ಬ ಆ ಮಾತನ್ನು ನಗದೆ ಓದಿದರೆ ಅದರಲ್ಲಿ ಏನು ಕಾಣಬೇಕು? ಈ ವಾರ ನಾವು ಯೋಚಿಸಬೇಕಾದದ್ದು ಇದನ್ನೇ.

ಮೊದಲು ಪದಗಳನ್ನು ನೋಡೋಣ. 'ಸರ್ಕಾರ' ಪಾರಸಿಯಿಂದ ಬಂದ ಮಾತು. 'ಸರ್' ಎಂದರೆ ತಲೆ, 'ಕಾರ್' ಎಂದರೆ ಕೆಲಸ. ಕೆಲಸಕ್ಕೆ ತಲೆಯಾಗಿರುವವನು ಎಂಬ ಅರ್ಥ ಅದರಲ್ಲಿದೆ. ಅಚ್ಚ ಕನ್ನಡದ 'ಆಳು' ಎಂಬ ಪದ ಇನ್ನೂ ಸೊಗಸಾಗಿದೆ. ಕ್ರಿಯಾಪದವಾದರೆ ಅದು ಅರಸನ ಕೆಲಸ, ನಾಮಪದವಾದರೆ ತೋಟಕ್ಕೆ ಬರುವ ಕೂಲಿಯವನು. ಆಳುವವನೂ ಆಳು, ದುಡಿಯುವವನೂ ಆಳು! ನಮ್ಮ ಹಿರಿಯರು ಉದ್ದೇಶಪೂರ್ವಕವಾಗಿ ಹೀಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಅದು ಭಾಷಾತಜ್ಞರ ವಿಷಯ. ಆದರೆ ಯಕೋಬ ಮತ್ತು ಯೊವಾನ್ನ ತಮಗೆ ಬಲಗಡೆ ಎಡಗಡೆಯ ಪೀಠಗಳು ಬೇಕೆಂದು ಕೇಳಿದಾಗ ಪ್ರಭು ಯೇಸು ಕೊಟ್ಟ ಉತ್ತರವನ್ನು ಕನ್ನಡದಲ್ಲಿ ಬೋಧಿಸುವ ಗುರುವಿಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ಅನ್ಯಜನರ ಒಡೆಯರು ದರ್ಪದಿಂದ ಆಳುತ್ತಾರೆ, ನಿಮ್ಮಲ್ಲಿ ಹಾಗಾಗಬಾರದು, ಮೊದಲಿಗನಾಗಬೇಕೆನ್ನುವವನು ಎಲ್ಲರ ಆಳಾಗಲಿ ಎಂಬುದು ಆ ಉತ್ತರದ ತಿರುಳು (ಮಾರ್ಕ 10:42-45). 'ಮಿನಿಸ್ಟರ್' ಎಂಬ ಲತೀನ್ ಮೂಲದ ಪದಕ್ಕೂ ಸೇವಕ ಎಂದೇ ಅರ್ಥ. ಕೆಂಪು ದೀಪದ ಕಾರುಗಳ ಕಾಲದಲ್ಲಿ ಇದನ್ನು ನಂಬುವುದು ಕಷ್ಟವಾಗಿತ್ತು; 2017ರಲ್ಲಿ ದೀಪಗಳು ಹೋದವು, ಕಷ್ಟ ಹೋಗಲಿಲ್ಲ.

ಇಂಗ್ಲಿಷರ 'ಗವರ್ನಮೆಂಟ್' ಎಂಬ ಪದವಂತೂ ಸಮುದ್ರದಿಂದ ಬಂದದ್ದು. ಅದರ ಬೇರು ಗ್ರೀಕರ 'ಕುಬೆರ್ನಾನ್' – ಹಡಗಿನ ಚುಕ್ಕಾಣಿ ಹಿಡಿಯುವುದು. ಸಂತ ಪೌಲರು ಕೊರಿಂಥದವರಿಗೆ ಪವಿತ್ರಾತ್ಮರ ವರಗಳನ್ನು ಎಣಿಸಿ ಹೇಳುವಾಗ, ರೋಗ ಗುಣಪಡಿಸುವ ವರ, ಭಾಷೆಗಳ ವರ ಇವುಗಳ ಜೊತೆಗೆ ಇದೇ ಪದದಿಂದ ಚುಕ್ಕಾಣಿ ಹಿಡಿಯುವ ವರವನ್ನೂ ಸೇರಿಸುತ್ತಾರೆ (1 ಕೊರಿಂಥ 12:28). ಆಡಳಿತ ನಡೆಸುವುದು ಪವಿತ್ರಾತ್ಮರ ವರಗಳಲ್ಲಿ ಒಂದು! ಭಾಷೆಗಳ ವರಕ್ಕಾಗಿ ಧ್ಯಾನಕೂಟಗಳಲ್ಲಿ ರಾತ್ರಿಯೆಲ್ಲ ಪ್ರಾರ್ಥಿಸುವವರನ್ನು ಕಂಡಿದ್ದೇನೆ. ಆಡಳಿತದ ವರಕ್ಕಾಗಿ ಒಂದು ಜಪಮಾಲೆ ಹೇಳಿದವರನ್ನು ಇದುವರೆಗೆ ಕಂಡಿಲ್ಲ.

ಚುಕ್ಕಾಣಿಯ ಮಾತು ಬಂದದ್ದರಿಂದ ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯವನ್ನು ದಯವಿಟ್ಟು ಇಂದು ಮನೆಯಲ್ಲಿ ತೆರೆದು ಓದಿರಿ. ಕೈದಿಯಾದ ಪೌಲರನ್ನು ರೋಮಿಗೆ ಒಯ್ಯುತ್ತಿರುವ ಹಡಗು ಕ್ರೇತ ದ್ವೀಪದ ಒಂದು ರೇವಿನಲ್ಲಿ ನಿಂತಿದೆ. ಚಳಿಗಾಲ ಹತ್ತಿರವಾಗಿದೆ. ಮುಂದೆ ಹೋದರೆ ಅಪಾಯವೆಂದು ಪೌಲರು ಎಚ್ಚರಿಸುತ್ತಾರೆ. ಆದರೆ ಸೇನಾಧಿಕಾರಿ ಪೌಲರಿಗಿಂತ ಹೆಚ್ಚಾಗಿ ಹಡಗಿನ ಚಾಲಕನನ್ನೂ ಮಾಲೀಕನನ್ನೂ ನಂಬುತ್ತಾನೆ. ಬಹುಮಂದಿಯೂ ಮುಂದೆ ಸಾಗುವುದೇ ಒಳ್ಳೆಯದೆಂದು ಅಭಿಪ್ರಾಯಪಡುತ್ತಾರೆ. ಒಂದೇ ಹಡಗಿನಲ್ಲಿ ಎಷ್ಟು ಬಗೆಯ ಅಧಿಕಾರ ಇದೆಯೆಂದು ಗಮನಿಸಿದಿರಾ? ಖಡ್ಗದ ಅಧಿಕಾರ ಇದೆ, ಪರಿಣತಿಯ ಅಧಿಕಾರ ಇದೆ, ಹಣದ ಅಧಿಕಾರ ಇದೆ, ಬಹುಮತವೂ ಇದೆ. ನಾಲ್ಕೂ ಒಟ್ಟುಗೂಡಿ ತಪ್ಪು ತೀರ್ಮಾನ ಮಾಡಿದವು. ಸರಿಯಾದ ಮಾತು ಇದ್ದದ್ದು ಬೇಡಿ ತೊಟ್ಟವನ ಬಾಯಲ್ಲಿ. ಬಿರುಗಾಳಿ ಎದ್ದಾಗ ನಾವಿಕರು ಸಣ್ಣ ದೋಣಿಯಿಳಿಸಿ ತಾವಷ್ಟೇ ತಪ್ಪಿಸಿಕೊಳ್ಳಲು ನೋಡಿದ್ದೂ ಅಲ್ಲೇ ಬರೆದಿದೆ. ಪೌಲರು ಮಾತ್ರ, "ನಾನು ಹೇಳಿದ್ದೆನಲ್ಲ" ಎಂದು ಮೂಲೆ ಸೇರಲಿಲ್ಲ. ಎಲ್ಲರಿಗೂ ಧೈರ್ಯ ಹೇಳಿ ಊಟ ಮಾಡಿಸಿದರು. ಹಡಗು ಒಡೆಯಿತು, 276 ಮಂದಿಯೂ ಬದುಕಿದರು. ಯಾವ ಸರ್ಕಾರ ಉತ್ತಮ ಎಂಬ ಚರ್ಚೆಗೆ ಇಳಿಯುವ ಮುನ್ನ ಈ ಹಡಗು ನಮ್ಮ ಕಣ್ಮುಂದೆ ಇರಲಿ. ಬಹುಮತ ಎಂಬುದು ಸತ್ಯಕ್ಕೆ ಇನ್ನೊಂದು ಹೆಸರಲ್ಲ. ಅಧಿಕಾರಿಯ ಮುದ್ರೆಯೂ ಅಲ್ಲ.

ಈಗ ಸರ್ಕಾರದ ರೂಪಗಳ ವಿಷಯ. ಇಸ್ರಯೇಲರ ಹಿರಿಯರು ಪ್ರವಾದಿ ಸಮುವೇಲನ ಬಳಿ ಬಂದು, ಸುತ್ತಲಿನ ಎಲ್ಲ ಜನಾಂಗಗಳಿಗೆ ಇರುವಂತೆ ತಮಗೂ ಒಬ್ಬ ಅರಸ ಬೇಕೆಂದರು. ಕಾರಣವಿಲ್ಲದೆ ಕೇಳಲಿಲ್ಲ, ಸಮುವೇಲನ ಸ್ವಂತ ಮಕ್ಕಳೇ ನ್ಯಾಯಪೀಠದಲ್ಲಿ ಕುಳಿತು ಲಂಚ ತಿನ್ನುತ್ತಿದ್ದರು. ಸಮುವೇಲ ಕೊಟ್ಟ ಎಚ್ಚರಿಕೆಯನ್ನು ನೋಡಿ (1 ಸಮುವೇಲ 8). ಅರಸ ನಿಮ್ಮ ಗಂಡುಮಕ್ಕಳನ್ನು ರಥಕ್ಕೂ ಯುದ್ಧಕ್ಕೂ ತೆಗೆದುಕೊಳ್ಳುವನು, ಹೆಣ್ಣುಮಕ್ಕಳನ್ನು ಅಡಿಗೆಗೂ ರೊಟ್ಟಿ ಸುಡುವುದಕ್ಕೂ ತೆಗೆದುಕೊಳ್ಳುವನು, ಒಳ್ಳೊಳ್ಳೆಯ ಹೊಲಗಳನ್ನು ಕಿತ್ತು ತನ್ನವರಿಗೆ ಕೊಡುವನು, ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಕೇಳುವನು. ತೆಗೆದುಕೊಳ್ಳುವನು, ತೆಗೆದುಕೊಳ್ಳುವನು ಎಂಬ ಮಾತೇ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಜನ ಕೇಳಲಿಲ್ಲ. ದೇವರು ಅವರ ಇಚ್ಛೆಗೇ ಬಿಟ್ಟರು. ಆದರೆ ಅರಸನಿಗೆ ಕಟ್ಟುಪಾಡು ಹಾಕದೆ ಬಿಡಲಿಲ್ಲ. ಅವನು ಕುದುರೆಗಳನ್ನೂ ಬೆಳ್ಳಿಬಂಗಾರವನ್ನೂ ಗುಡ್ಡೆ ಹಾಕಿಕೊಳ್ಳಬಾರದು, ಧರ್ಮಶಾಸ್ತ್ರದ ಪ್ರತಿಯೊಂದನ್ನು ತನಗಾಗಿ ಬರೆಸಿಟ್ಟುಕೊಂಡು ದಿನವೂ ಓದಬೇಕು, ತನ್ನ ಸಹೋದರರಿಗಿಂತ ತಾನು ದೊಡ್ಡವನೆಂದು ಭಾವಿಸಬಾರದು ಎಂಬ ನಿಯಮಗಳು ಧರ್ಮೋಪದೇಶಕಾಂಡದ 17ನೆಯ ಅಧ್ಯಾಯದಲ್ಲಿವೆ. ಅರಸನೂ ಕಾನೂನಿನ ಕೆಳಗೆ! ಇಂದು ನಾವು ಸಂವಿಧಾನ ಎನ್ನುವುದರ ಬೀಜ ಇಲ್ಲಿದೆ ಎಂದರೆ ತಪ್ಪಾಗಲಾರದು.

ಮುಂದೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಇದನ್ನೇ ಶಾಸ್ತ್ರೀಯವಾಗಿ ವಿಂಗಡಿಸಿದ. ಎರಡೇ ಪ್ರಶ್ನೆ: ಆಳುವವರು ಎಷ್ಟು ಜನ? ಯಾರ ಹಿತಕ್ಕಾಗಿ ಆಳುತ್ತಾರೆ? ಒಬ್ಬನೇ ಎಲ್ಲರ ಹಿತಕ್ಕಾಗಿ ಆಳಿದರೆ ರಾಜತ್ವ, ತನ್ನ ಹಿತಕ್ಕಾಗಿ ಆಳಿದರೆ ಕ್ರೂರಪ್ರಭುತ್ವ. ಕೆಲವರು ಎಲ್ಲರಿಗಾಗಿ ಆಳಿದರೆ ಶ್ರೇಷ್ಠರ ಆಳ್ವಿಕೆ, ತಮ್ಮ ಹೊಟ್ಟೆಗಾಗಿ ಆಳಿದರೆ ಧನಿಕರ ಕೂಟ. ಬಹುಜನರ ಆಳ್ವಿಕೆಗೂ ಹೀಗೆಯೇ ಒಳ್ಳೆಯದೊಂದು, ಕೆಟ್ಟದ್ದೊಂದು. ಆ ಕೆಟ್ಟದ್ದಕ್ಕೆ ಆತ ಇಟ್ಟ ಹೆಸರೇ ಡೆಮಾಕ್ರಸಿ ಎಂದು ಸೆಮಿನರಿಯಲ್ಲಿ ಮೊದಲು ಕೇಳಿದಾಗ ನಾವೆಲ್ಲ ನಕ್ಕಿದ್ದೆವು. ಮನೆಯನ್ನು ಆಳುವುದೂ ಊರನ್ನು ಆಳುವುದೂ ಒಂದೇ ಅಲ್ಲ ಎಂದೂ ಅವನು ಹೇಳಿದ. ಇದು ನಮಗೆ ಮುಖ್ಯ. 'ಮಾಬಾಪ್ ಸರ್ಕಾರ' ಎಂದು ಕೈಮುಗಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಸರ್ಕಾರ ತಂದೆತಾಯಿಯಾದರೆ ಪ್ರಜೆ ಎಂದೆಂದಿಗೂ ಮಗುವೇ. ಬೆಳೆದ ಮಗನಿಗೆ ತಂದೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸುವ ಹಕ್ಕಿಲ್ಲ, ಪ್ರಜೆಗೆ ಇದೆ.

ಸಂತ ತೋಮಸ್ ಅಕ್ವಿನಾಸರು ಸೈಪ್ರಸ್ಸಿನ ರಾಜನಿಗಾಗಿ ಬರೆದ ಕೃತಿಯಲ್ಲಿ ಒಬ್ಬ ಅರಸನ ಆಳ್ವಿಕೆಯೇ ಉತ್ತಮವೆಂದರು, ಅದು ಕೆಟ್ಟರೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲವೆಂದೂ ಸೇರಿಸಿದರು. ಆದರೆ ತಮ್ಮ ಮಹಾಕೃತಿ 'ಸುಮ್ಮಾ'ದಲ್ಲಿ ಮೋಶೆಯ ವ್ಯವಸ್ಥೆಯನ್ನು ವಿವರಿಸುವಾಗ ಅವರು ಹೇಳುವುದೇ ಬೇರೆ. ತಲೆಯಾಗಿ ಒಬ್ಬ, ಅವನ ಕೆಳಗೆ ಯೋಗ್ಯರಾದ ಕೆಲವರು, ಆದರೆ ಅವರು ಎಲ್ಲ ಜನರ ಮಧ್ಯದಿಂದ, ಎಲ್ಲ ಜನರಿಂದಲೇ ಆರಿಸಲ್ಪಟ್ಟವರು – ಹೀಗೆ ಮೂರನ್ನೂ ಬೆರೆಸಿದ್ದೇ ಉತ್ತಮ ಎಂದು ಅಲ್ಲಿ ವಾದಿಸುತ್ತಾರೆ. 13ನೆಯ ಶತಮಾನದ ಸನ್ಯಾಸಿಯೊಬ್ಬರ ಮಾತಿದು.

ಮೋಶೆಗೆ ಈ ಬುದ್ಧಿ ಹೇಳಿದ್ದು ಯಾರು? ಅವನ ಮಾವ ಇತ್ರೋ, ಮಿದ್ಯಾನರ ಯಾಜಕ. ಇಸ್ರಯೇಲನೇ ಅಲ್ಲ, ಹೊರಗಿನವನು. ಅಳಿಯ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಪಂಚಾಯಿತಿ ಮಾಡುತ್ತಿದ್ದುದನ್ನು ಅವನು ನೋಡಿದ. ನೀನೂ ಸೋತು ಹೋಗುತ್ತೀಯ, ಜನರೂ ಸೋತು ಹೋಗುತ್ತಾರೆ, ಲಂಚ ಮುಟ್ಟದ ದೈವಭಕ್ತರನ್ನು ಆರಿಸಿ ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರಂತೆ ನೇಮಿಸು ಎಂದು ಸಲಹೆ ಕೊಟ್ಟ (ವಿಮೋಚನಾಕಾಂಡ 18). ಮಾವ ಮನೆಗೆ ಬಂದು ಅಳಿಯನ ಕೆಲಸದಲ್ಲಿ ತಪ್ಪು ಹುಡುಕುವುದು ಹೊಸತಲ್ಲ. ಅಳಿಯ ಕೇಳಿದ್ದೇ ಹೊಸತು. 1931ರಲ್ಲಿ ಹನ್ನೊಂದನೆಯ ಪಿಯುಸ್ ಪೋಪರು ತಮ್ಮ ವಿಶ್ವಪತ್ರದಲ್ಲಿ ಇದಕ್ಕೇ ತತ್ವದ ರೂಪ ಕೊಟ್ಟರು. ಚಿಕ್ಕ ಸಮುದಾಯ ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಸಮುದಾಯ ಕಿತ್ತುಕೊಳ್ಳುವುದು ಅನ್ಯಾಯ ಎಂಬುದೇ ಆ ತತ್ವ. ನಮ್ಮ ರಾಜ್ಯದಲ್ಲಿ ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ ಪಂಚಾಯಿತಿಗಳಿಗೆ ಜೀವ ಬಂತು. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ದೇಶಕ್ಕೆಲ್ಲ ಈ ವ್ಯವಸ್ಥೆ ಕಡ್ಡಾಯವಾಯಿತು. ಸುಮಾರು 400 ಜನರಿಗೆ ಒಬ್ಬ ಸದಸ್ಯ. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಮತದಾರರೆಲ್ಲ ಕುಳಿತು ಲೆಕ್ಕ ಕೇಳಬಹುದಾದ ಗ್ರಾಮಸಭೆ. ಇತ್ರೋ ಇದ್ದಿದ್ದರೆ ಮೆಚ್ಚುತ್ತಿದ್ದ.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2015ರ ಗ್ರಾಮ ಪಂಚಾಯಿತಿ ಚುನಾವಣೆಯ ಸಮಯ. ನಾನು ಆಗ ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಅಲ್ಲಿನ ಒಬ್ಬ ಧರ್ಮೋಪದೇಶದ ಟೀಚರ್ ತಮ್ಮ ಯಜಮಾನರೊಂದಿಗೆ ನನ್ನ ಬಳಿ ಬಂದರು. ಅವರ ವಾರ್ಡು ಮಹಿಳೆಗೆ ಮೀಸಲಾಗಿತ್ತು. ಎಲ್ಲ ಮತದ ಬೀದಿಯವರೂ, "ನೀವೇ ನಿಲ್ಲಿ ಟೀಚರ್" ಎಂದು ಒತ್ತಾಯ ಮಾಡುತ್ತಿದ್ದರು. "ಏನು ಮಾಡ್ಲಿ ಫಾದರ್?" ಎಂದು ಕೇಳಿದರು. ನಾನು ಎರಡು ನಿಮಿಷವೂ ಯೋಚಿಸಲಿಲ್ಲ. "ಆ ಕೆಸರು ನಿಮಗ್ಯಾಕಮ್ಮ? ಇಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದೀರಿ, ಅದೇ ಸಾಕು" ಎಂದೆ. ನಿಜ ಹೇಳಬೇಕೆಂದರೆ, ಒಳ್ಳೆಯ ಟೀಚರನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅವರು ನಿಲ್ಲಲಿಲ್ಲ. ಗೆದ್ದುಬಂದವರ ಪರವಾಗಿ ಐದು ವರ್ಷವೂ ಕುರ್ಚಿಯಲ್ಲಿ ಕುಳಿತವರು ಅವರ ಗಂಡ. ಕುಡಿಯುವ ನೀರಿನ ಪೈಪು ಬೀದಿಯ ತಿರುವಿನಲ್ಲಿ ನಿಂತುಬಿಟ್ಟಿತು. ಅದರಾಚೆಗಿನ ಹದಿನಾಲ್ಕು ಮನೆಗಳ ಹೆಣ್ಣುಮಕ್ಕಳು ಕೊಡ ಹೊತ್ತು ತಿರುವಿಗೆ ಬರುತ್ತಿದ್ದರು. ಆ ಟೀಚರ್ ಮನೆಯೂ ಆ ಹದಿನಾಲ್ಕರಲ್ಲಿ ಒಂದು. ಅವರು ಒಮ್ಮೆಯೂ ನನ್ನನ್ನು ದೂರಲಿಲ್ಲ.

ಒಂದು ದಿನ ನ್ಯಾಯಸ್ಥಾಪಕರ 9ನೆಯ ಅಧ್ಯಾಯ ಓದುವಾಗ ನನಗೆ ಆ ಕೊಡಗಳು ಕಂಡವು. ಮರಗಳೆಲ್ಲ ಸೇರಿ ತಮಗೊಬ್ಬ ಅರಸನನ್ನು ಹುಡುಕಿದ ಕಥೆಯನ್ನು ಯೋತಾಮ ಬೆಟ್ಟದ ಮೇಲೆ ನಿಂತು ಹೇಳುತ್ತಾನೆ. ಎಣ್ಣೆಯ ಮರವನ್ನು ಕೇಳಿದವು. ಅದು ತನ್ನ ಎಣ್ಣೆಯನ್ನು ಬಿಟ್ಟು ಬರಲಾರೆನೆಂದಿತು. ಅಂಜೂರ ತನ್ನ ಸಿಹಿ ಹಣ್ಣು ಬಿಡಲಾರೆನೆಂದಿತು. ದ್ರಾಕ್ಷಿಬಳ್ಳಿ ತನ್ನ ರಸ ಬಿಡಲಾರೆನೆಂದಿತು. ಕೊನೆಗೆ ಮುಳ್ಳಿನ ಪೊದೆಯನ್ನು ಕೇಳಿದವು. ಅದು ತಕ್ಷಣ ಒಪ್ಪಿತು, ನನ್ನ ನೆರಳಿಗೆ ಬನ್ನಿ, ಬಾರದಿದ್ದರೆ ಬೆಂಕಿ ಹೊರಟು ನಿಮ್ಮನ್ನು ಸುಡಲಿ ಎಂದಿತು. ಮುಳ್ಳಿನ ಪೊದೆಗೆ ನೆರಳೆಲ್ಲಿ? ಈ ಕಥೆಯಲ್ಲಿ ನಾವು ಮುಳ್ಳನ್ನು ಬಯ್ಯುತ್ತೇವೆ. ಆದರೆ ಎಣ್ಣೆಮರ, ಅಂಜೂರ, ದ್ರಾಕ್ಷಿಗಳು ಕೆಟ್ಟವಲ್ಲ. ಮೂರೂ ಒಳ್ಳೆಯ ಕೆಲಸದಲ್ಲೇ ತೊಡಗಿದ್ದವು. ಅವುಗಳ ಒಳ್ಳೆಯತನವೇ ಮುಳ್ಳಿಗೆ ದಾರಿ ಮಾಡಿತು. ನಾನು ಆ ದಿನ ಅಂಜೂರದ ಮರಕ್ಕೆ, "ಹೌದು, ನೀನು ಹಣ್ಣು ಬಿಟ್ಟುಕೊಂಡಿರು" ಎಂದು ಉಪದೇಶ ಮಾಡಿದ ಗುರು. ರಾಜಕೀಯ ಹೊಲಸೆಂಬ ಕಾರಣ ಕೊಟ್ಟು ಶ್ರೀಸಾಮಾನ್ಯರು ಸಾರ್ವಜನಿಕ ಜೀವನದಿಂದ ದೂರ ಉಳಿಯುವುದು ಸರಿಯಲ್ಲವೆಂದು ಎರಡನೆಯ ಜಾನ್ ಪಾಲ್ ಪೋಪರು 1988ರಲ್ಲೇ ಸ್ಪಷ್ಟವಾಗಿ ಬರೆದಿದ್ದರು. ಸೆಮಿನರಿಯಲ್ಲಿ ಅದನ್ನು ಓದಿ ಪರೀಕ್ಷೆಯಲ್ಲಿ ಉತ್ತರವನ್ನೂ ಬರೆದಿದ್ದೆ! ಧರ್ಮಸಭೆಯ ಕಾನೂನು ಅಧಿಕಾರಸ್ಥಾನವನ್ನು ನಿಷೇಧಿಸುವುದು ನನ್ನಂಥ ಗುರುಗಳಿಗೆ, ಆ ಟೀಚರಿಗಲ್ಲ.

ಇಂದಿನ ಸರ್ಕಾರದ ರೂಪಗಳನ್ನು ಮಕ್ಕಳ ಸಮಾಜಶಾಸ್ತ್ರದ ಪುಸ್ತಕದಲ್ಲೇ ನೋಡಬಹುದು, ಇಲ್ಲಿ ವಿಸ್ತರಿಸುವುದಿಲ್ಲ. ಬ್ರಿಟನ್ನಿನಲ್ಲಿ ರಾಜನಿದ್ದಾನೆ, ಆಳುವುದು ಸಂಸತ್ತು. ಅಮೆರಿಕದಲ್ಲಿ ಅಧ್ಯಕ್ಷನೇ ರಾಷ್ಟ್ರದ ತಲೆಯೂ ಸರ್ಕಾರದ ತಲೆಯೂ ಹೌದು. ನಮ್ಮಲ್ಲಿ 1950ರ ಜನವರಿ 26ರಿಂದ ಗಣರಾಜ್ಯ; ರಾಷ್ಟ್ರಪತಿ ಬೇರೆ, ಪ್ರಧಾನಿ ಬೇರೆ. ನಾವು ಮತ ಹಾಕುವುದು ಪ್ರಧಾನಿಗೂ ಅಲ್ಲ, ಮುಖ್ಯಮಂತ್ರಿಗೂ ಅಲ್ಲ, ನಮ್ಮ ಕ್ಷೇತ್ರದ ಒಬ್ಬ ಪ್ರತಿನಿಧಿಗೆ – ಇದನ್ನು ಓದಿದವರೂ ಮರೆಯುತ್ತಾರೆ. ಸರ್ಕಾರ ಬದಲಾಗುತ್ತದೆ, ರಾಜ್ಯ ಉಳಿಯುತ್ತದೆ. ಆದ್ದರಿಂದ ಸರ್ಕಾರವನ್ನು ಟೀಕಿಸಿದವನು ದೇಶವನ್ನು ಟೀಕಿಸಿದಂತಾಗುವುದಿಲ್ಲ. ಈ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರವರೂ ಸದಸ್ಯರಾಗಿದ್ದರೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಬೇಕು.

ಆದರೆ ರೂಪ ಒಳ್ಳೆಯದಿದ್ದ ಮಾತ್ರಕ್ಕೆ ಸರ್ಕಾರ ಒಳ್ಳೆಯದಾಗುವುದಿಲ್ಲ. 1933ರ ಮಾರ್ಚ್ 23ರಂದು ಜರ್ಮನಿಯ ಸಂಸತ್ತು ತನ್ನ ಶಾಸನಾಧಿಕಾರವನ್ನು ಮತದಾನದ ಮೂಲಕವೇ ಹಿಟ್ಲರನ ಸರ್ಕಾರಕ್ಕೆ ಒಪ್ಪಿಸಿತು. ವಿರೋಧವಾಗಿ ಮತ ಹಾಕಿದ್ದು ಸೋಶಿಯಲ್ ಡೆಮಾಕ್ರಟರು ಮಾತ್ರ. ಕಥೋಲಿಕರ ಸೆಂಟರ್ ಪಕ್ಷ ಪರವಾಗಿ ಮತ ಹಾಕಿತು. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ನಮ್ಮಲ್ಲೂ 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ತುರ್ತುಪರಿಸ್ಥಿತಿ ಇತ್ತು. ಸಂಸತ್ತು ಇತ್ತು, ಸಂವಿಧಾನ ಇತ್ತು, ಬಾಯಿ ಇರಲಿಲ್ಲ.

1938ರ ಏಪ್ರಿಲ್‌ನಲ್ಲಿ ಆಸ್ಟ್ರಿಯಾದಲ್ಲಿ ಹಿಟ್ಲರನ ಆಳ್ವಿಕೆಯನ್ನು ಒಪ್ಪುವಿರಾ ಎಂದು ಜನಮತ ಕೇಳಲಾಯಿತು. ಸಂತ ರಾಡೆಗುಂಡ್ ಎಂಬ ಹಳ್ಳಿಯಲ್ಲಿ 'ಇಲ್ಲ' ಎಂದವರು ಒಬ್ಬರೇ: ಫ್ರಾನ್ಸ್ ಯೇಗರ್‌ಸ್ಟೆಟರ್ ಎಂಬ ರೈತ. ಮುಂದೆ ಊರಿನ ದೇವಾಲಯದ ಪರಿಚಾರಕರಾಗಿ ಕೆಲಸ ಮಾಡಿದವರು, ಹೆಂಡತಿ ಫ್ರಾನ್ಸಿಸ್ಕಾ ಮತ್ತು ಮೂರು ಪುಟ್ಟ ಹೆಣ್ಣುಮಕ್ಕಳಿದ್ದ ಸಂಸಾರಸ್ಥರು. 1943ರಲ್ಲಿ ಅನ್ಯಾಯದ ಯುದ್ಧಕ್ಕೆ ಹೋಗಲಾರೆನೆಂದರು. ಮಕ್ಕಳ ಮುಖ ನೋಡಿ ಒಪ್ಪಿಕೋ ಎಂದು ಅವರಿಗೆ ಹೇಳಿದವರಲ್ಲಿ ಧರ್ಮಾಧ್ಯಕ್ಷರೂ ಇದ್ದರು. ಆಗಸ್ಟ್ 9ರಂದು ಅವರ ಶಿರಚ್ಛೇದವಾಯಿತು. 2007ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿದಾಗ 94 ವರ್ಷದ ಫ್ರಾನ್ಸಿಸ್ಕಾ ಆ ಪೂಜೆಯಲ್ಲಿದ್ದರು. ಅಧಿಕಾರಿಗಳು ದೇವರ ಸೇವಕರು, ಅವರಿಗೆ ವಿಧೇಯರಾಗಿರಿ ಎಂದು ರೋಮನರಿಗೆ ಬರೆದ ಪತ್ರದ 13ನೆಯ ಅಧ್ಯಾಯ ಹೇಳುತ್ತದೆ. ಪ್ರಕಟನಾ ಗ್ರಂಥದ 13ನೆಯ ಅಧ್ಯಾಯ ಅದೇ ಸಾಮ್ರಾಜ್ಯವನ್ನು ಸಮುದ್ರದಿಂದ ಎದ್ದುಬಂದ ಮೃಗವೆಂದು ತೋರಿಸುತ್ತದೆ. ಎರಡೂ ದೇವರ ವಾಕ್ಯ. ಸೇವಕನಾಗಿರುವವರೆಗೆ ವಿಧೇಯತೆ, ತನ್ನನ್ನೇ ದೇವರೆಂದುಕೊಂಡ ದಿನ ಪೇತ್ರರಂತೆ, ಮನುಷ್ಯರಿಗಿಂತ ದೇವರಿಗೆ ಎಂಬ ಉತ್ತರ. ವಿಧಾನಸೌಧದ ಆ ಬರಹದಲ್ಲೂ ನಾನು ಕಾಣುವುದು ಇದನ್ನೇ. ಕೆಲಸ ದೇವರದು, ಸರ್ಕಾರ ದೇವರಲ್ಲ.

ಆ ಹುಡುಗ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದ: "ಹಾಗಾದ್ರೆ ಧರ್ಮಸಭೆಯಲ್ಲಿ ಯಾಕೆ ಓಟಿಲ್ಲ ಫಾದರ್?" ನ್ಯಾಯವಾದ ಪ್ರಶ್ನೆ. 1929ರಲ್ಲಿ ಸ್ಥಾಪನೆಯಾದ, ಸುಮಾರು 44 ಹೆಕ್ಟೇರಿನ ವ್ಯಾಟಿಕನ್ ನಗರರಾಷ್ಟ್ರದಲ್ಲಿ ಶಾಸನ, ಆಡಳಿತ, ನ್ಯಾಯ ಮೂರೂ ಅಧಿಕಾರ ಪೋಪರದೇ. ಆದರೆ ಆ ಪೋಪರನ್ನು ಆರಿಸುವುದು ಮತದಿಂದಲೇ. 2025ರ ಮೇ 8ರಂದು 14ನೆಯ ಲಿಯೋ ಅವರನ್ನು ಆರಿಸಿದ್ದು 133 ಕಾರ್ಡಿನಲರು. ವಿಶ್ವಾಸ ನಾವು ಪಡೆದುಕೊಂಡದ್ದು, ನಾವು ರಚಿಸಿದ್ದಲ್ಲ. ಪುನರುತ್ಥಾನವನ್ನು ಕೈಯೆತ್ತಿಸಿ ತೀರ್ಮಾನಿಸಲಾಗದು. ಆದರೆ ದೇವಾಲಯದ ಛಾವಣಿಗೆ ಯಾವ ಹಂಚು, ಹಬ್ಬಕ್ಕೆ ಎಷ್ಟು ಖರ್ಚು ಎಂಬುದು ಪಡೆದುಕೊಂಡ ವಿಶ್ವಾಸವಲ್ಲ. ಮಠದಲ್ಲಿ ಮುಖ್ಯ ವಿಷಯ ಬಂದಾಗ ಅತ್ಯಂತ ಕಿರಿಯನನ್ನೂ ಕೇಳಬೇಕೆಂದು ಸಂತ ಬೆನೆಡಿಕ್ಟರು ತಮ್ಮ ನಿಯಮದಲ್ಲಿಟ್ಟರು. ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ನಾವು ಗುರುಗಳು ಮೊದಲನೆಯ ಮಾತನ್ನು ಅಡ್ಡ ಹಿಡಿದು ಎರಡನೆಯದರಿಂದ ತಪ್ಪಿಸಿಕೊಳ್ಳುವುದುಂಟು. ನಮ್ಮ ಸಮಿತಿಯವರು ಇದನ್ನು ಓದಿ ನಗುತ್ತಿರಬಹುದು. ನಗಲಿ, ಮುಂದಿನ ಸಭೆಗೆ ಲೆಕ್ಕದ ಪುಸ್ತಕ ತರುತ್ತೇನೆ.

ಆ ಟೀಚರ್ ವಿಷಯ ಹೇಳುವುದು ಉಳಿಯಿತು. 2020ರ ಡಿಸೆಂಬರ್ ಚುನಾವಣೆಗೆ ಮೊದಲು ನಾನೇ ಅವರಿಗೆ ಫೋನು ಮಾಡಿ ಕ್ಷಮೆ ಕೇಳಿದೆ, ಈ ಬಾರಿ ನಿಲ್ಲಿ ಎಂದೆ. "ಈಗ ನೆನಪಾಯ್ತಾ ಫಾದರ್?" ಎಂದು ನಕ್ಕರು. ನಿಂತರು, ಹನ್ನೊಂದು ಮತಗಳಿಂದ ಸೋತರು. ಸೋತವರು ಮನೆಯಲ್ಲಿ ಕೂರಲಿಲ್ಲ. ಗ್ರಾಮಸಭೆಗೆ ಆ ಬೀದಿಯ ಹೆಂಗಸರನ್ನು ಕರೆದುಕೊಂಡು ಹೋಗಿ, ಪೈಪಿನ ಲೆಕ್ಕ ಕೇಳಿ, ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿದರು. ಎರಡನೆಯ ಗ್ರಾಮಸಭೆಯ ನಂತರ ಪೈಪು ತಿರುವು ದಾಟಿತು.

ಅದಾದ ಮೇಲಿನ ಒಂದು ಭಾನುವಾರ ನಮ್ಮ ದೇವಾಲಯದಲ್ಲಿ ಆ ಕೋರಿಕೆಯನ್ನು ಸ್ವಲ್ಪ ತಿದ್ದಿ, ನಮ್ಮೂರಿನ ಪಂಚಾಯಿತಿ ಅಧ್ಯಕ್ಷೆಯ ಹೆಸರನ್ನೂ ನೀರುಗಂಟಿಯ ಹೆಸರನ್ನೂ ಸೇರಿಸಿ ಪ್ರಾರ್ಥಿಸಿದೆವು. ಇಬ್ಬರೂ ಕ್ರೈಸ್ತರಲ್ಲ. ಪೂಜೆ ಮುಗಿದ ಮೇಲೆ ವೃದ್ಧಾಪ್ಯ ವೇತನದ ಅಜ್ಜಿ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಸ್ವಾಮಿ, ಮುಂದಿನ ವಾರ ಅಂಚೆಯಣ್ಣನ ಹೆಸರನ್ನೂ ಹಾಕಿ" ಎಂದರು.